ತಪ್ಪು ಹಿಡಿಯುವ ಒಂದು ಸಾಲು

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದ ಮೂವರು 1988ರಲ್ಲಿ ಒಂದು ತೆಳ್ಳನೆಯ ಪುಸ್ತಕ ಪ್ರಕಟಿಸಿದರು. ಆಲ್ಫ್ರೆಡ್ ಏಹೋ, ಪೀಟರ್ ವೈನ್‌ಬರ್ಗರ್, ಬ್ರಯಾನ್ ಕರ್ನಿಹನ್. ಮೂವರ ಮನೆತನದ ಹೆಸರುಗಳ ಮೊದಲಕ್ಷರಗಳನ್ನು ಜೋಡಿಸಿ ತಮ್ಮ ಸಲಕರಣೆಗೆ ‘ಆಕ್’ ಎಂದು ಅವರು 1977ರಲ್ಲೇ ಹೆಸರಿಟ್ಟಿದ್ದರು. ಪುಸ್ತಕ ಆರು ಜನ ಕೆಲಸಗಾರರ ಪಟ್ಟಿಯೊಂದರಿಂದ ಶುರುವಾಗುತ್ತದೆ: ಹೆಸರು, ಗಂಟೆಗೆ ಎಷ್ಟು ಡಾಲರ್, ಎಷ್ಟು ಗಂಟೆ ದುಡಿಮೆ. ಕೆಲವು ಪುಟ ದಾಟಿದ ಮೇಲೆ ಲೇಖಕರು ಅದೇ ಪಟ್ಟಿಯನ್ನು ಪರೀಕ್ಷೆಗೆ ಒಡ್ಡುತ್ತಾರೆ. ಸಾಲಿನಲ್ಲಿ ಮೂರೇ ಅಂಕಣಗಳಿವೆಯೇ? ಕೂಲಿ 3.35 ಡಾಲರಿಗಿಂತ ಕಡಿಮೆಯೇ? 10 ಡಾಲರಿಗಿಂತ ಹೆಚ್ಚೇ? ದುಡಿದ ಗಂಟೆ ಸೊನ್ನೆಗಿಂತ ಕೆಳಗಿದೆಯೇ, 60 ದಾಟಿದೆಯೇ? ಇವುಗಳಲ್ಲಿ ಯಾವುದಕ್ಕಾದರೂ ಸಿಕ್ಕಿಬಿದ್ದ ಸಾಲು ಪರದೆಯ ಮೇಲೆ ಬರುತ್ತದೆ. ಯಾವುದೂ ಸಿಕ್ಕಿಬೀಳದಿದ್ದರೆ ಏನೂ ಬರುವುದಿಲ್ಲ. ‘ಎಲ್ಲ ಸರಿಯಿದೆ’ ಎಂಬ ಶಾಭಾಸ್‌ಗಿರಿಯೂ ಇಲ್ಲ. ಆ ಪರಂಪರೆಯಲ್ಲಿ ಮೌನವೇ ಉತ್ತೀರ್ಣ.

3.35 ಎನ್ನುವ ಸಂಖ್ಯೆ ನನ್ನನ್ನು ಹಿಡಿದು ನಿಲ್ಲಿಸಿತು. ಅದು ಆಗ ಅಮೆರಿಕದಲ್ಲಿ ಕಾನೂನು ಗೊತ್ತುಮಾಡಿದ್ದ ಕನಿಷ್ಠ ಕೂಲಿ. ಕಂಪ್ಯೂಟರಿಗೆ ಕೂಲಿಯೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ. ಲೋಕ ತನಗೆ ತಾನೇ ಹಾಕಿಕೊಂಡ ಒಂದು ಕಟ್ಟನ್ನು ಲೇಖಕರು ಕಡತಕ್ಕೆ ಹಿಡಿದರು, ಅಷ್ಟೇ. ಕಟ್ಟು ಮುರಿದ ಕಡೆ ಯಾರೋ ತಪ್ಪು ಬೆರಳಚ್ಚಿಸಿರಬಹುದು. ಇಲ್ಲವೇ ಯಾರಿಗೋ ನಿಜವಾಗಿಯೇ ಕಡಿಮೆ ಕೂಲಿ ಕೊಡುತ್ತಿರಬಹುದು. ಎರಡರಲ್ಲಿ ಯಾವುದೆಂದು ಹೇಳುವುದು ಆಕ್‌ನ ಕೆಲಸವಲ್ಲ.

ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ಇದರ ಉಸಾಬರಿ ಯಾಕೆ ಎಂದರೆ, ನನ್ನ ಬಳಿ ಗದುಗಿನ ಭಾರತದ ಒಂದು ಕಡತವಿದೆ. ಹಳೆಯ ಅಕ್ಷರಶೈಲಿಯೊಂದರಲ್ಲಿ ಯಾರೋ ಪುಣ್ಯಾತ್ಮರು ಬೆರಳಚ್ಚಿಸಿ, ಮತ್ಯಾರೋ ಯೂನಿಕೋಡಿಗೆ ಹೊರಳಿಸಿ, ಕೈಯಿಂದ ಕೈಗೆ ದಾಟಿ ಬಂದದ್ದು. ಸಾವಿರಾರು ಷಟ್ಪದಿಗಳು. ಅದನ್ನು ನಂಬಿ ಪದಗಳ ಎಣಿಕೆ ಮಾಡಬೇಕೆಂದರೆ ಮೊದಲು ಅದು ನಂಬಿಕೆಗೆ ಯೋಗ್ಯವೇ ಎಂದು ತಿಳಿಯಬೇಕು. ಕಣ್ಣಿನಿಂದ ಓದಿ ತಿದ್ದುವುದಕ್ಕೆ ಹೊರಟರೆ ಹತ್ತನೆಯ ಪದ್ಯದ ಹೊತ್ತಿಗೆ ಕಣ್ಣು ಕಥೆಗೆ ಮರುಳಾಗಿರುತ್ತದೆ, ಕಾಗುಣಿತವನ್ನು ಬಿಟ್ಟಿರುತ್ತದೆ. ಅರ್ಥ ತಿಳಿಯದ ಓದುಗನೊಬ್ಬ ಬೇಕಿತ್ತು. ಹಾಗಾಗಿ ಕಮಾಂಡ್ ಲೈನಿನ ಕಪ್ಪು ಪರದೆ: ಚಿತ್ರಗಳಿಲ್ಲ, ಗುಂಡಿಗಳಿಲ್ಲ, ಮಿನುಗುವ ಒಂದು ಗೆರೆ. ಒಂದು ಸಾಲು ಬರೆದು ಎಂಟರ್ ಒತ್ತಿದರೆ ಇಡೀ ಕಡತ ಕ್ಷಣದಲ್ಲಿ ಅದರ ಕೆಳಗೆ ಹಾದುಹೋಗುತ್ತದೆ.

ಈ ಸಲಕರಣೆಗಳ ಹುಟ್ಟಿನಲ್ಲೇ ಸಾಹಿತ್ಯದ ಋಣವೊಂದಿದೆ ಎಂದು ನನಗೆ ತಡವಾಗಿ ತಿಳಿಯಿತು. ಆಕ್‌ಗಿಂತ ಮೊದಲು ಬಂದದ್ದು ‘ಗ್ರೆಪ್’. ಕಡತದೊಳಗೆ ಬೇಕಾದ ಅಕ್ಷರವಿನ್ಯಾಸವಿರುವ ಸಾಲುಗಳನ್ನಷ್ಟೇ ಹೆಕ್ಕಿ ತೋರಿಸುವುದು ಅದರ ಕೆಲಸ. ಕರ್ನಿಹನ್ ಹೇಳುವ ಪ್ರಕಾರ ಅದರ ಹಿಂದೆ ಇದ್ದದ್ದು ಕರ್ತೃತ್ವದ ಪ್ರಶ್ನೆ. 1787-88ರಲ್ಲಿ ಅಮೆರಿಕದ ಸಂವಿಧಾನದ ಪರವಾಗಿ ಒಂದೇ ಗುಪ್ತನಾಮದಲ್ಲಿ ಬಂದ 85 ಪ್ರಬಂಧಗಳಿವೆ, ‘ಫೆಡರಲಿಸ್ಟ್ ಪೇಪರ್ಸ್’. ಅವುಗಳಲ್ಲಿ ಕೆಲವನ್ನು ಬರೆದವನು ಹ್ಯಾಮಿಲ್ಟನ್ನೋ ಮ್ಯಾಡಿಸನ್ನೋ ಎಂಬ ಜಗಳ ಹಳೆಯದು. ಬೆಲ್ ಲ್ಯಾಬ್ಸ್‌ನ ಲೀ ಮೆಕ್‌ಮಹನ್ ಅವುಗಳ ಭಾಷೆಯನ್ನು ಜಾಲಾಡಬೇಕೆಂದಿದ್ದರು. ಆದರೆ ಆ ಕಾಲದ ಪುಟ್ಟ ಯಂತ್ರದ ಎಡಿಟರಿನೊಳಗೆ ಅಷ್ಟು ದೊಡ್ಡ ಪಠ್ಯ ಹಿಡಿಸುತ್ತಿರಲಿಲ್ಲ. ಎಡಿಟರಿನೊಳಗಿದ್ದ ಹುಡುಕುವ ಭಾಗವನ್ನೇ ಕೆನ್ ಥಾಂಪ್ಸನ್ ಕತ್ತರಿಸಿ ಹೊರತೆಗೆದು ಸ್ವತಂತ್ರ ಕಮಾಂಡ್ ಮಾಡಿದರು. 1973ರ ಯೂನಿಕ್ಸ್‌ನಲ್ಲಿ ಅದು ಕಾಣಿಸಿಕೊಂಡಿತು. ಹಳಗನ್ನಡದ ಕವಿ-ಕಾಲ ವಿಚಾರದಲ್ಲಿ ಮುಳುಗಿದವರಿಗೆ ಗ್ರೆಪ್ ಪರಕೀಯ ಅನ್ನಿಸಬೇಕಾಗಿಲ್ಲ.

ಆದರೆ ಹುಡುಕುವುದು ಬೇರೆ, ಪರೀಕ್ಷಿಸುವುದು ಬೇರೆ. ಹುಡುಕಬೇಕಾದರೆ ಏನನ್ನು ಹುಡುಕಬೇಕೆಂದು ಗೊತ್ತಿರಬೇಕು. ತಪ್ಪು ಹೇಗಿದೆ ಎಂದು ಗೊತ್ತಿಲ್ಲದೆ ತಪ್ಪನ್ನು ಹಿಡಿಯುವುದು ಹೇಗೆ? ಈ ಪ್ರಶ್ನೆಯನ್ನು ಕಂಪ್ಯೂಟರಿಗಿಂತ ಬಹಳ ಮುಂಚೆಯೇ ಎದುರಿಸಿದವರು ಅಂಕಿಗಳ ಕೋಷ್ಟಕ ಮಾಡುವವರು.

ನಮ್ಮಲ್ಲಿ ಹಲವರು ಕಾಲೇಜಿನಲ್ಲಿ ‘ಲಾಗ್ ಟೇಬಲ್’ ಹಿಡಿದು ಓಡಾಡಿದವರೇ. ಹೆನ್ರಿ ಬ್ರಿಗ್ಸ್ 1624ರಲ್ಲಿ ಅದರ ದೊಡ್ಡ ಕೋಷ್ಟಕವೊಂದನ್ನು ಪ್ರಕಟಿಸಿದಾಗ ನಡುವೆ ದೊಡ್ಡ ಹಳ್ಳವೊಂದು ಉಳಿದಿತ್ತು: 20,000ದಿಂದ 90,000ದವರೆಗಿನ ಸಂಖ್ಯೆಗಳು. ಹಾಲೆಂಡಿನ ಆಡ್ರಿಯಾನ್ ವ್ಲಾಕ್ ಅದನ್ನು ತುಂಬಿ 1628ರಲ್ಲಿ ಹತ್ತು ದಶಮಾಂಶಗಳ ಪೂರ್ಣ ಕೋಷ್ಟಕ ಹೊರತಂದ. ಮುಂದಿನ ಸುಮಾರು ಎರಡು ಶತಮಾನ ಯುರೋಪಿನ ಬಹುತೇಕ ಲಾಗ್ ಕೋಷ್ಟಕಗಳು ಒಂದಲ್ಲ ಒಂದು ರೀತಿಯಲ್ಲಿ ಅವನ ಮಕ್ಕಳು, ಮೊಮ್ಮಕ್ಕಳು. ಹಡಗಿನವರು ನಡುಗಡಲಲ್ಲಿ ತಾವೆಲ್ಲಿದ್ದೇವೆಂದು ಲೆಕ್ಕ ಹಾಕುತ್ತಿದ್ದದ್ದು ಇಂಥ ಪುಸ್ತಕ ತೆರೆದು. ಅಂಕಿಯೊಂದು ಅಲ್ಲಿ ತಿರುವುಮುರುವಾದರೆ ಅದು ಬರಿಯ ಅಚ್ಚಿನ ದೋಷವಾಗಿ ಉಳಿಯುವುದಿಲ್ಲ.

ಚಾರ್ಲ್ಸ್ ಬ್ಯಾಬೇಜ್ ತನ್ನದೇ ಲಾಗ್ ಕೋಷ್ಟಕವನ್ನು 1827ರಲ್ಲಿ ಅಚ್ಚು ಮಾಡಿಸಿದ. ಕಣ್ಣು ದಣಿಯದಂತೆ ಯಾವ ಬಣ್ಣದ ಕಾಗದದ ಮೇಲೆ ಯಾವ ಬಣ್ಣದ ಶಾಯಿ ಒಳ್ಳೆಯದು ಎಂದು ನೋಡಲು ಆಮೇಲೆ ನಾನಾ ಬಣ್ಣಗಳಲ್ಲಿ ಮಾದರಿ ಮುದ್ರಿಸಿದಷ್ಟು ಹಟಮಾರಿ ಅವನು. ಅದೇ 1827ರಲ್ಲಿ ಲಂಡನ್ನಿನ ಖಗೋಳ ಸಂಘದ ಮುಂದೆ ಒಂದು ಚಿಕ್ಕ ಟಿಪ್ಪಣಿ ಇಟ್ಟ. ವ್ಲಾಕ್‌ನ ಕೋಷ್ಟಕದ ಒಂದಷ್ಟು ತಪ್ಪುಗಳು ಬೇರೆ ಬೇರೆ ದೇಶಗಳ, ಬೇರೆ ಬೇರೆ ಕಾಲದ ಪುಸ್ತಕಗಳಲ್ಲಿ ಹಾಗೆಹಾಗೆಯೇ ಉಳಿದುಬಂದಿವೆ ಎಂಬುದು ಅದರ ತಿರುಳು. ರಾಯಲ್ ಸೊಸೈಟಿಯ ಗ್ರಂಥಾಲಯದಲ್ಲಿ ಚೀನೀ ಲಿಪಿಯಲ್ಲಿದ್ದ ಲಾಗ್ ಕೋಷ್ಟಕವೊಂದಿತ್ತು. ಎಲ್ಲಿಂದ ಬಂದದ್ದೆಂದು ಅದರಲ್ಲಿ ಹೇಳಿರಲಿಲ್ಲ. ಬ್ಯಾಬೇಜ್ ವ್ಲಾಕ್‌ನಲ್ಲಿ ತಪ್ಪಿರುವ ಆರು ಜಾಗಗಳನ್ನು ಅದರಲ್ಲಿ ತೆರೆದು ನೋಡಿದ. ಆರೂ ಅಲ್ಲಿದ್ದವು.

ಸರಿಯಾದ ಅಂಕಿಗಳು ಎರಡು ಪುಸ್ತಕಗಳಲ್ಲಿ ಒಂದೇ ಆಗಿದ್ದರೆ ಏನೂ ಸಾಬೀತಾಗುವುದಿಲ್ಲ. ಇಬ್ಬರೂ ಸರಿಯಾಗಿ ಲೆಕ್ಕ ಮಾಡಿರಬಹುದು. ತಪ್ಪುಗಳು ಒಂದೇ ಆಗಿದ್ದರೆ ಮಾತ್ರ ಒಬ್ಬ ಇನ್ನೊಬ್ಬನನ್ನು ನೋಡಿ ಬರೆದಿದ್ದಾನೆ. ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಗೂ ಗೊತ್ತಿರುವ ಸತ್ಯ ಇದು. ಗ್ರಂಥಸಂಪಾದನೆಯ ಅಡಿಗಲ್ಲೂ ಇದೇ. ಜರ್ಮನಿಯ ಕಾರ್ಲ್ ಲಾಖ್‌ಮನ್ 1850ರಲ್ಲಿ ಲುಕ್ರೀಷಿಯಸ್‌ನ ಕಾವ್ಯವನ್ನು ಸಂಪಾದಿಸಿದ. ಹಸ್ತಪ್ರತಿಗಳ ವಂಶವೃಕ್ಷವನ್ನು ಸಮಾನ ದೋಷಗಳ ಆಧಾರದಲ್ಲಿ ಕಟ್ಟುವ ವಿಧಾನ ಅವನ ಹೆಸರಿಗೆ ಅಂಟಿಕೊಂಡಿದೆ. ನಮ್ಮಲ್ಲಿ ಡಿ.ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ ಓದಿದವರಿಗೆ ಈ ತರ್ಕ ಪರಿಚಿತ. ಲಾಗ್ ಕೋಷ್ಟಕ ಓದುತ್ತಿದ್ದ ಬ್ಯಾಬೇಜ್ ತನಗೆ ಬೇಕಾದ ಕಡೆಯಿಂದ ಹೊರಟು ಅದೇ ಬಾಗಿಲಿಗೆ ಬಂದಿದ್ದ. ಹತ್ತು ಪ್ರತಿಗಳು ಒಪ್ಪುತ್ತವೆ ಎಂದ ಮಾತ್ರಕ್ಕೆ ಪಾಠ ಸರಿಯಲ್ಲ ಎಂಬುದನ್ನು ನಾನು ನನ್ನ ಕಡತದ ಮುಂದೆ ಕೂತಾಗ ಪದೇ ಪದೇ ನೆನೆಸಿಕೊಳ್ಳಬೇಕಾಯಿತು. ಇಂದು ಸಿಗುವ ಬೆರಳಚ್ಚಿನ ಪ್ರತಿಗಳೆಲ್ಲ ಒಂದೇ ಬೆರಳುಗಳಿಂದ ಹುಟ್ಟಿರಬಹುದಲ್ಲ!

ಪ್ರತಿಗೆ ಪ್ರತಿ ಹೋಲಿಸುವುದು ಸಾಲದು ಎಂದಾದರೆ ಕೋಷ್ಟಕವನ್ನು ಅದರೊಳಗಿನಿಂದಲೇ ಪರೀಕ್ಷಿಸಬೇಕು. ಅದಕ್ಕೆ ಲೆಕ್ಕಿಗರು ಬಳಸುತ್ತಿದ್ದ ಉಪಾಯ ಬಲು ಸರಳ. ವರ್ಗಸಂಖ್ಯೆಗಳನ್ನೇ ತೆಗೆದುಕೊಳ್ಳಿ: 1, 4, 9, 16, 25, 36, 49, 64. ಪಕ್ಕಪಕ್ಕದವುಗಳ ವ್ಯತ್ಯಾಸ 3, 5, 7, 9, 11, 13, 15. ವ್ಯತ್ಯಾಸಗಳ ವ್ಯತ್ಯಾಸ ಎಲ್ಲ ಕಡೆಯೂ 2. ಈಗ ಅಚ್ಚಿನವನು 25ರ ಬದಲು 52 ಎಂದು ಜೋಡಿಸಿದನೆನ್ನಿ. ಎರಡನೆಯ ವ್ಯತ್ಯಾಸದ ಸಾಲು 2, 2, 29, –52, 29, 2 ಆಗುತ್ತದೆ. ಸದ್ದಿಲ್ಲದ ಬೀದಿಯಲ್ಲಿ ಪಟಾಕಿ ಹೊಡೆದಂತೆ. 25 ಸರಿಯೋ 52 ಸರಿಯೋ ಎಂದು ತಿಳಿಯಲು ಗುಣಾಕಾರವೇ ಬೇಕಿಲ್ಲ, ಕಳೆಯುವುದು ಗೊತ್ತಿದ್ದರೆ ಸಾಕು. ಅಂದ ಹಾಗೆ 25ಕ್ಕೂ 52ಕ್ಕೂ ಇರುವ ಅಂತರ 27, ಅಂದರೆ ಒಂಬತ್ತರ ಗುಣಕ. ಪಕ್ಕದ ಎರಡು ಅಂಕಿಗಳು ಅದಲುಬದಲಾದಾಗ ಯಾವತ್ತೂ ಹಾಗೆಯೇ. ಜಮಾಖರ್ಚು ತಾಳೆಯಾಗದೆ ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಅಂಕಿ ತಿರುವಾಗಿದೆಯೇ ಎಂದು ಮೊದಲು ನೋಡುವ ಗುಮಾಸ್ತರ ಜಾಣತನದ ಗುಟ್ಟು ಅದು.

ಬ್ಯಾಬೇಜ್‌ನ ಪ್ರಸಿದ್ಧ ವ್ಯತ್ಯಾಸ ಯಂತ್ರ ಈ ಕ್ರಮವನ್ನೇ ತಿರುಗಿಸಿ ಹಿತ್ತಾಳೆಯಲ್ಲಿ ಕಟ್ಟುವ ಕನಸು. 1821ರ ಸುಮಾರಿಗೆ ಗೆಳೆಯ ಜಾನ್ ಹರ್ಷೆಲ್ ಜೊತೆ ಕೂತು ಖಗೋಳದ ಲೆಕ್ಕಗಳನ್ನು ತಾಳೆ ನೋಡುತ್ತಿದ್ದಾಗ ತಪ್ಪಿನ ಮೇಲೆ ತಪ್ಪು ಸಿಕ್ಕಿ, ಇದನ್ನೆಲ್ಲ ಉಗಿಯಂತ್ರವೇ ಮಾಡುವಂತಿದ್ದರೆ ಎಂದು ಅವನು ಉದ್ಗರಿಸಿದನಂತೆ. ಸರಕಾರದ ಹಣ ಹರಿಯಿತು, ಯಂತ್ರ ಮುಗಿಯಲಿಲ್ಲ, 1842ರಲ್ಲಿ ಸರಕಾರ ಕೈತೊಳೆದುಕೊಂಡಿತು. ಅವನ ಎರಡನೆಯ ನಕ್ಷೆಯ ಲೆಕ್ಕದ ಭಾಗವನ್ನು ಲಂಡನ್ನಿನ ವಿಜ್ಞಾನ ಸಂಗ್ರಹಾಲಯ 1991ರಲ್ಲಿ ಕಟ್ಟಿ ತೋರಿಸಿತು. ಅದು ಕೆಲಸ ಮಾಡಿತು. ಈ ಕಥೆಯನ್ನು ಎಲ್ಲರೂ ಹೇಳಿದ್ದಾರೆ, ನಾನು ಮತ್ತೆ ಹೇಳಬೇಕಾಗಿಲ್ಲ. ನನಗೆ ಮುಖ್ಯವಾದದ್ದು ಆ ಸಾಲು: 2, 2, 29, –52, 29, 2. ಆಕ್‌ನಲ್ಲಿ ಇದು ನಿಜಕ್ಕೂ ಒಂದೇ ಸಾಲಿನ ಕೆಲಸ. ಹಿಂದಿನ ಸಾಲಿನ ಅಂಕಿಯನ್ನು ನೆನಪಿಟ್ಟುಕೋ, ಈಗಿನದರಿಂದ ಕಳೆ, ಬರೆ.

ಕಾವ್ಯದೊಳಗೆ ಇಂಥ ‘2, 2, 2’ ಎಲ್ಲಿದೆ? ಗದ್ಯದಲ್ಲಿ ಇಲ್ಲ. ವಚನಗಳ ಕಡತವಾಗಿದ್ದರೆ ನಾನು ಸೋತಂತೆಯೇ. ಆದರೆ ಕುಮಾರವ್ಯಾಸ ಬರೆದದ್ದು ಭಾಮಿನಿ ಷಟ್ಪದಿಯಲ್ಲಿ. ಮೂರು-ನಾಲ್ಕು ಮಾತ್ರೆಗಳ ಗಣಗಳ ನಡೆ. ಒಂದು, ಎರಡು, ನಾಲ್ಕು, ಐದನೆಯ ಪಾದಗಳಿಗೆ 14 ಮಾತ್ರೆ. ಮೂರು ಮತ್ತು ಆರಕ್ಕೆ 21, ಕೊನೆಗೊಂದು ಗುರು, ಒಟ್ಟು 23. ಇಡೀ ಪದ್ಯಕ್ಕೆ 102. ಇದಲ್ಲದೆ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬ ಪ್ರಾಸದ ಕಟ್ಟು. ಹಳಗನ್ನಡಕ್ಕೆ ಹೋದರೆ ಕಂದಪದ್ಯಕ್ಕೆ 12, 20, 12, 20 ಮಾತ್ರೆಗಳು. ಚಂಪಕಮಾಲೆಯ ಸಾಲಿಗೆ 21 ಅಕ್ಷರ, ಉತ್ಪಲಮಾಲೆಗೆ 20. ಹತ್ತನೆಯ ಶತಮಾನದ ಕೊನೆಗೆ ನಾಗವರ್ಮ ‘ಛಂದೋಂಬುಧಿ’ಯಲ್ಲಿ ಇಂಥ ಲೆಕ್ಕಗಳನ್ನು ಕಟ್ಟಿಟ್ಟ, ಕಿಟೆಲ್ ಅದನ್ನು 1875ರಲ್ಲಿ ಮಂಗಳೂರಿನಿಂದ ಅಚ್ಚಿಗೆ ತಂದ. ಛಂದಸ್ಸು ಇರುವುದು ಕಿವಿಗೆ, ನಿಜ. ಆದರೆ ಓಲೆಗರಿಯನ್ನು ಗೆದ್ದಲು ತಿಂದ ಕಡೆ, ಲಿಪಿಕಾರ ತೂಕಡಿಸಿದ ಕಡೆ ಅಕ್ಷರವೊಂದು ಜಾರಿದೆಯೆಂದು ಸಂಪಾದಕರಿಗೆ ಹೇಳುತ್ತ ಬಂದದ್ದೂ ಅದೇ. ಕವಿ ರಾಗಕ್ಕೆಂದು ಕಟ್ಟಿದ್ದು ಕಾವಲಿಗೂ ಒದಗಿತು.

ಇಲ್ಲೊಂದು ತಮಾಷೆಯಿದೆ. ಹಲಗೆ ಬಳಪ ಮುಟ್ಟದೆ, ಇಟ್ಟ ಪದವನ್ನು ಅಳಿಸದೆ ಬರೆಯುವುದು ತನ್ನ ಅಗ್ಗಳಿಕೆ ಎಂದು ಹೇಳಿಕೊಂಡ ಕವಿ ಕುಮಾರವ್ಯಾಸ. ಅಳಿಸಿದವರು, ಬಿಟ್ಟವರು, ಸೇರಿಸಿದವರು ನಂತರ ಬಂದರು. ಕೊನೆಯಲ್ಲಿ ಬಂದವರು ನಾವು, ಕೀಲಿಮಣೆ ಹಿಡಿದವರು.

ಮಾತ್ರೆ ಎಣಿಸುವ ಕೆಲಸವನ್ನು ಆಕ್‌ಗೆ ಒಪ್ಪಿಸುವಾಗ ಮೊದಲು ಎದುರಾದದ್ದು ಅಕ್ಷರ ಎಂದರೇನು ಎಂಬ ಪ್ರಶ್ನೆ. ‘ಕನ್ನಡ’ ಎಂಬುದು ನಮಗೆ ಮೂರು ಅಕ್ಷರ. ಯೂನಿಕೋಡಿಗೆ ಐದು: ಕ, ನ, ವಿರಾಮ, ನ, ಡ. ಕಡತದಲ್ಲಿ ಅದು ಕೂರುವುದು ಹದಿನೈದು ಬೈಟುಗಳಾಗಿ. ಮೂಲದ ಆಕ್ ದಶಕಗಳ ಕಾಲ ಬೈಟುಗಳನ್ನಷ್ಟೇ ಎಣಿಸುತ್ತಿತ್ತು. ಅದಕ್ಕೆ ಯೂನಿಕೋಡ್ ಕಲಿಸಿದ್ದು 2022ರಲ್ಲಿ, ಕಲಿಸಿದವರು ಎಂಬತ್ತರ ಹರೆಯದ ಕರ್ನಿಹನ್ ಅವರೇ. ಮರುವರ್ಷ ಪುಸ್ತಕದ ಎರಡನೆಯ ಆವೃತ್ತಿಯೂ ಬಂತು. ಗುರುಲಘುವಿನ ನಿಯಮವನ್ನು ಮಾತ್ರ ನಾವೇ ಹೇಳಿಕೊಡಬೇಕು: ದೀರ್ಘ ಸ್ವರವಿದ್ದರೆ, ಅನುಸ್ವಾರ ವಿಸರ್ಗಗಳಿದ್ದರೆ, ಮುಂದೆ ಒತ್ತಕ್ಷರವಿದ್ದರೆ ಎರಡು, ಇಲ್ಲವಾದರೆ ಒಂದು.

ಮೊದಲ ಓಟಕ್ಕೆ ಪರದೆ ತುಂಬಿ ಹರಿಯಿತು. ಎಲ್ಲವೂ ತಪ್ಪುಗಳಲ್ಲ. ಆಕ್ ಸಾಲಿನಿಂದ ಸಾಲಿಗೆ ಓದುತ್ತದೆ, ಷಟ್ಪದಿ ಹಾಗೆ ಓದಿಸಿಕೊಳ್ಳುವುದಿಲ್ಲ. ಪಾದದ ಕೊನೆಗೆ ಪದ ಮುರಿದು ಮುಂದಿನ ಪಾದ ಒತ್ತಕ್ಷರದಿಂದ ಶುರುವಾದರೆ ಹಿಂದಿನ ಸಾಲಿನ ಕೊನೆಯಕ್ಷರ ಗುರು. ಸಾಲು ಮುಗಿಯಿತೆಂದು ಬಗೆದ ಯಂತ್ರ ಅಲ್ಲಿ 13 ಎನ್ನುತ್ತದೆ. ಪದ್ಯದ ಕೊನೆಯ ಅಕ್ಷರವೋ, ಹ್ರಸ್ವವಾಗಿದ್ದರೂ ಗುರುವೆಂದೇ ಲೆಕ್ಕ. ಖಾಲಿ ಸಾಲಿನಿಂದ ಖಾಲಿ ಸಾಲಿನವರೆಗೆ ಒಂದು ಪದ್ಯವನ್ನು ಒಂದೇ ದಾಖಲೆಯೆಂದು ಓದು ಎಂದು ಆಕ್‌ಗೆ ಹೇಳುವ ವಿಧಾನವಿದೆ. ಹಾಗೆ ಹೇಳಿದ ಮೇಲೆ ಪ್ರವಾಹ ಇಳಿಯಿತು. ಹಳಗನ್ನಡ ಕಾವ್ಯಕ್ಕೆ ಇದನ್ನೇ ಒಡ್ಡಿದರೆ ಶಿಥಿಲದ್ವಿತ್ವ ಕಾಡುತ್ತದೆ. ಒತ್ತಕ್ಷರವಿದ್ದೂ ಹಿಂದಿನದನ್ನು ಗುರು ಮಾಡದ ಆ ತೇಲಿದ ಉಚ್ಚಾರಣೆಯನ್ನು ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಚರ್ಚಿಸಿದ್ದಾನೆ, ಯಂತ್ರ ಅದನ್ನು ಓದಿಲ್ಲ.

ಉಳಿದ ಸಾಲುಗಳಲ್ಲಿ ನನ್ನನ್ನು ಹೆಚ್ಚು ಹೊತ್ತು ಕೂರಿಸಿದ್ದು ಕಣ್ಣಿಗೆ ಕಾಣದ ತಪ್ಪುಗಳು. ‘ಪಂಪ’, ‘ಪ೦ಪ’ ಎರಡನ್ನೂ ನೋಡಿ. ಮೊದಲನೆಯದರಲ್ಲಿ ಇರುವುದು ಅನುಸ್ವಾರ, ಎರಡನೆಯದರಲ್ಲಿ ಕನ್ನಡದ ಸೊನ್ನೆ. ಹಲವು ಅಕ್ಷರಶೈಲಿಗಳಲ್ಲಿ ಮನುಷ್ಯನ ಕಣ್ಣಿಗೆ ಎರಡೂ ಒಂದೇ. ಮಾತ್ರೆ ಎಣಿಸುವವನಿಗೆ ಮೊದಲನೆಯದು ಮೂರು, ಎರಡನೆಯದು ಎರಡೇ ಎರಡು. ಪದ್ಯದ ಮೊತ್ತ 101 ಆಯಿತು, ಸಾಲು ಸಿಕ್ಕಿಬಿತ್ತು. ‘ಎ’ ಬದಲು ಏಳರ ಅಂಕಿ ‘೭’ ಕೂತ ಕಡೆಯೂ ಹೀಗೆಯೇ. ಇನ್ನೂ ಸೂಕ್ಷ್ಮವಾದದ್ದು ‘ಕೊ’. ಯೂನಿಕೋಡಿನಲ್ಲಿ ಅದನ್ನು ಎರಡು ರೀತಿ ಇಡಬಹುದು: ಒಂದೇ ಚಿಹ್ನೆಯಾಗಿ, ಅಥವಾ ಎತ್ವದ ಚಿಹ್ನೆಯ ಪಕ್ಕ ಊಕಾರದ ದೀರ್ಘಚಿಹ್ನೆಯಿಟ್ಟು. ಕಾಣುವುದು ಒಂದೇ. ಆದರೆ ಎರಡನೆಯ ಬಗೆಯಲ್ಲಿ ದೀರ್ಘಚಿಹ್ನೆ ಕಂಡ ಯಂತ್ರ ಎರಡು ಮಾತ್ರೆ ಎನ್ನುತ್ತದೆ, ಹ್ರಸ್ವ ‘ಕೊ’ ಒಂದೇ ಮಾತ್ರೆಯದ್ದು. ಆ ಕಡತದಲ್ಲಿ ‘ಕೊಡೆ’ ಎಂದು ಹುಡುಕಿದ ಯಾವ ಸಂಶೋಧಕನಿಗೂ ಅಂಥ ಸಾಲು ಸಿಕ್ಕಿರಲಾರದು. ಸಿಕ್ಕದ್ದನ್ನು ‘ಕವಿ ಈ ಪದ ಬಳಸಿಲ್ಲ’ ಎಂದು ಬರೆದುಬಿಡುವ ಅಪಾಯ ದೊಡ್ಡದು. ಪದಪ್ರಯೋಗಗಳ ಎಣಿಕೆಯ ಮೇಲೆ ನಿಂತ ಪ್ರಬಂಧಗಳನ್ನು ಓದುವಾಗ ನನಗೆ ಈಗ ಸಣ್ಣ ಅಂಜಿಕೆ.

ಛಂದಸ್ಸಿಗೆ ಸಿಗದ ತಪ್ಪುಗಳೂ ಧಾರಾಳ. ‘ಕಥೆ’ ‘ಕತೆ’ಯಾದರೆ ಮಾತ್ರೆ ಅಷ್ಟೇ. ‘ಕಾಲು’ ‘ಕಾಳು’ ಆದರೂ ಅಷ್ಟೇ. ಆ ಅಕ್ಷರ ಪ್ರಾಸಸ್ಥಾನದಲ್ಲಿದ್ದರೆ ಮಾತ್ರ ಸಿಕ್ಕಿಬೀಳುತ್ತದೆ. ಇಡೀ ಪದ್ಯವೇ ಕಳೆದುಹೋದರಂತೂ ಮಾತ್ರೆಯೂ ಇಲ್ಲ, ಪ್ರಾಸವೂ ಇಲ್ಲ. ಪರೀಕ್ಷೆ ಮೌನವಾಗಿರುತ್ತದೆ.

ಆ ಮೌನದ ಬೆಲೆ ಎಷ್ಟೆಂದು 2020ರ ಅಕ್ಟೋಬರಿನಲ್ಲಿ ಇಂಗ್ಲೆಂಡ್ ನೋಡಿತು. ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಎಕ್ಸೆಲ್‌ನ ಹಳೆಯ ಕಡತರೂಪಕ್ಕೆ ತುಂಬಲಾಗುತ್ತಿತ್ತು. ಅದರಲ್ಲಿ ಹಿಡಿಸುವುದು 65,536 ಸಾಲು. ಮಿಕ್ಕದ್ದು ಸದ್ದಿಲ್ಲದೆ ಹೊರಗುಳಿಯಿತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗೆ 15,841 ಸೋಂಕಿತರು ದೈನಂದಿನ ಲೆಕ್ಕದಿಂದ ತಪ್ಪಿಹೋದರು. ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅಷ್ಟು ದಿನ ತಡವಾಯಿತು. ಉಳಿದ ಪ್ರತಿ ಸಾಲೂ ಸರಿಯಾಗಿಯೇ ಇತ್ತು. ಬಂದದ್ದೆಷ್ಟು, ಸೇರಿದ್ದೆಷ್ಟು ಎಂದು ಸಾಲುಗಳನ್ನು ಎಣಿಸಿದ್ದರೆ ಸಾಕಿತ್ತು. ಅದಕ್ಕೆ ಯೂನಿಕ್ಸ್‌ನಲ್ಲಿ ಮೊದಲಿನಿಂದಲೂ ಎರಡಕ್ಷರದ ಒಂದು ಕಮಾಂಡ್ ಇದೆ.

ನಮ್ಮ ಲಿಪಿಕಾರರು ಎಣಿಸುತ್ತಿದ್ದರು. 32 ಅಕ್ಷರಗಳಿಗೆ ಒಂದು ‘ಗ್ರಂಥ’ ಎಂಬ ಅಳತೆ. ಪ್ರತಿಯ ಕೊನೆಗೆ ಇಂತಿಷ್ಟು ಗ್ರಂಥ ಎಂದು ಬರೆಯುವ ರೂಢಿ ಭಾರತದ ಹಸ್ತಪ್ರತಿಗಳಲ್ಲಿ ಹಳೆಯದು. ಅದು ಬರವಣಿಗೆಯ ಕೂಲಿಯ ಲೆಕ್ಕಕ್ಕೂ ಒದಗುತ್ತಿತ್ತು. ಆಕ್ ಪುಸ್ತಕದ 3.35 ಡಾಲರಿನ ಹಾಗೆ ಇಲ್ಲಿಯೂ ಪಠ್ಯವನ್ನು ಕಾದದ್ದು ಕೂಲಿಯ ಲೆಕ್ಕವೇ ಎಂಬುದು ನನಗೆ ಇಷ್ಟವಾದ ಸಂಗತಿ. ನಾನೂ ಸಂಧಿಗೆ ಎಷ್ಟು ಪದ್ಯಗಳೆಂದು ಎಣಿಸಿ ಅಚ್ಚಿನ ಪುಸ್ತಕದ ಜೊತೆ ತಾಳೆ ಹಾಕಿದೆ.

ಈಗ ಉಳಿದಿರುವುದು ಒಂದಿಷ್ಟು ಪದ್ಯಗಳು. ಅವುಗಳಲ್ಲಿ ಸೊನ್ನೆಯಿಲ್ಲ, ಮುರಿದ ‘ಕೊ’ ಇಲ್ಲ, ಪಾದದ ಕೊನೆಯ ಒತ್ತಕ್ಷರದ ತಕರಾರಿಲ್ಲ. ಆದರೂ ಮೊತ್ತ 102 ಬರುವುದಿಲ್ಲ. ಅಚ್ಚಾದ ಪುಸ್ತಕ ತೆರೆದರೆ ಅಲ್ಲೂ ಹಾಗೆಯೇ ಇದೆ; ಕಡತವೂ ಪುಸ್ತಕವೂ ಒಪ್ಪುತ್ತವೆ. ವ್ಲಾಕ್‌ನ ಆರು ತಪ್ಪುಗಳನ್ನು ಚೀನೀ ಪುಸ್ತಕವೂ ಒಪ್ಪಿತ್ತು. ಸಂಧಿ ಬಿಡಿಸಿ ಅಚ್ಚು ಮಾಡುವಾಗ ಮಾತ್ರೆ ಏರಿತೋ, ಹಾಡುವಾಗ ಗಮಕಿ ಎಳೆದು ತುಂಬಿಸುತ್ತಿದ್ದ ಜಾಗವೋ, ಓಲೆಯಲ್ಲೇ ಅಕ್ಷರ ಜಾರಿತ್ತೋ, ಕಪ್ಪು ಪರದೆ ಹೇಳಲಾರದು. ಆ ಪದ್ಯಗಳ ಪರ್ವ, ಸಂಧಿ, ಸಂಖ್ಯೆಗಳನ್ನು ಒಂದು ಹಾಳೆಯ ಮೇಲೆ ಇಳಿಸಿಕೊಂಡಿದ್ದೇನೆ. ಓಲೆಪ್ರತಿಗಳನ್ನು ನೋಡಲು ಅನುಮತಿ ಕೋರಿ ಅರ್ಜಿ ಬರೆಯಬೇಕು.